ಶಹಾಬಾದ್ ಕಲ್ಲಿನ ಮೇಲೊಂದು ಸಾಣೆ ಮೇಜು

ಕಲಬುರಗಿಯ ನಮ್ಮ ಮನೆಯ ಹಿತ್ತಲಿನಲ್ಲಿ ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲದ ತಗಡಿನ ಶೆಡ್ ಒಂದಿದೆ. ಅದರಲ್ಲಿ ಕೆಲವು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಮರಗೆಲಸ ಮಾಡಿಕೊಂಡು ಬಂದಿದ್ದೇನೆ. ಸಾಣೆ ಯಂತ್ರವನ್ನು ಇಷ್ಟು ದಿನ ಮರಗೆಲಸದ ಮೇಜಿನ ತುದಿಗೇ ಎರಡು ಬೋಲ್ಟು ಹಾಕಿ ಕೂರಿಸಿದ್ದೆ. ಕಳೆದ ಚಳಿಗಾಲದಲ್ಲಿ ತೊಗರಿ ಕಟಾವಿನ ಹೊತ್ತಿಗೆ ಊರಿನಿಂದ ಬಂದಿದ್ದ ನಾಲ್ಕು ಕುಡುಗೋಲುಗಳಿಗೆ ಸಾಣೆ ಹಿಡಿದು ಊಟಕ್ಕೆ ಹೋದವನು ಮುಕ್ಕಾಲು ಗಂಟೆ ಬಿಟ್ಟು ಮರಳಿದಾಗ ಮೇಜಿನ ಕೆಳಗೆ ಬಿದ್ದಿದ್ದ ಮರದ ಹೊಟ್ಟಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಉರಿ ಇರಲಿಲ್ಲ, ಕಿಡಿಯೊಂದು ಹೊಟ್ಟಿನೊಳಗೆ ಸೇರಿ ಒಳಗೊಳಗೇ ಕೆಂಡವಾಗಿತ್ತು. ಒಂದು ಕೊಡ ನೀರಿನಲ್ಲಿ ಅದು ಮುಗಿಯಿತಾದರೂ, ಕಿಡಿ ಹಾರುವ ಕೆಲಸ, ಹೊಟ್ಟು ಉದುರುವ ಕೆಲಸ ಮತ್ತು ಹತ್ತಿಯ ನಾರು ಹಾರುವ ಪಾಲಿಶ್ ಕೆಲಸ ಈ ಮೂರಕ್ಕೂ ಮೂರು ಬೇರೆ ಜಾಗಗಳು ಬೇಕೆಂದು ನಾನು ತೀರ್ಮಾನಿಸಿದ್ದು ಆ ಮಧ್ಯಾಹ್ನವೇ.

ಹೊಸ ಯಂತ್ರ ಕೊಳ್ಳುವ ಯೋಚನೆ ನನಗಿರಲಿಲ್ಲ. ಇದ್ದ ಯಂತ್ರವು ಆರು ಇಂಚಿನ ಎರಡು ಚಕ್ರಗಳ ಸಾಧಾರಣ ಬೆಂಚ್ ಗ್ರೈಂಡರ್; ಅರ್ಧ ಎಚ್‌ಪಿ ಮೋಟಾರು, ನಿಮಿಷಕ್ಕೆ ಸುಮಾರು 2850 ಸುತ್ತು. ಅದರ ಕೆಲಸ ನನಗೆ ತೃಪ್ತಿ ಕೊಡದೆ ಇದ್ದುದಕ್ಕೆ ಮುಖ್ಯ ಕಾರಣ ಯಂತ್ರವಲ್ಲ, ಅದು ನಿಂತಿದ್ದ ಅಲುಗಾಡುವ ಮೇಜು, ಉಪಕರಣವನ್ನು ಊರಿ ಹಿಡಿಯುವ, ಸೊಟ್ಟಗಿದ್ದ ಆಸರೆ ತಟ್ಟೆ ಮತ್ತು ಬೆನ್ನ ಹಿಂದಿನಿಂದ ಬೀಳುತ್ತಿದ್ದ ಬೆಳಕು ಎಂಬುದು ನನಗೆ ತಡವಾಗಿ ತಿಳಿಯಿತು. ಆದ್ದರಿಂದ ಖರ್ಚಿನ ಬಹುಪಾಲನ್ನು ಯಂತ್ರದ ಸುತ್ತಲಿನ ವ್ಯವಸ್ಥೆಗೇ ಹಾಕಿದೆ.

ಮೊದಲು ಮೇಜು. ಸಾಣೆ ಮೇಜಿಗೆ ಭಾರವೇ ಬಲ. ಚಕ್ರದಲ್ಲಿ ಸ್ವಲ್ಪ ತೂಕದ ಏರುಪೇರು ಇದ್ದರೂ ನಿಮಿಷಕ್ಕೆ 2850 ಬಾರಿ ಅದು ಮೇಜನ್ನು ತಳ್ಳುತ್ತದೆ, ಹಗುರವಾದ ಮೇಜು ಪ್ರತಿ ತಳ್ಳಿಗೂ ನಡುಗುತ್ತದೆ, ಆ ನಡುಕ ಉಳಿಯ ಅಲಗಿನ ಮೇಲೆ ಸಣ್ಣ ಸಣ್ಣ ಅಲೆಗಳಾಗಿ ಮೂಡುತ್ತದೆ. ನಮ್ಮ ಜಿಲ್ಲೆಯವರಿಗೆ ಭಾರಕ್ಕೆ ಬರವಿಲ್ಲ. ಮನೆಯ ನೆಲಕ್ಕೂ ಅಡುಗೆ ಕಟ್ಟೆಗೂ ಹಾಸುವ ಶಹಾಬಾದ್ ಫರ್ಸಿ ಎಲ್ಲ ಕಡೆ ಸಿಗುತ್ತದೆ. ಮೂರು ಅಡಿ ಉದ್ದ, ಎರಡು ಅಡಿ ಅಗಲ, 40 ಮಿ.ಮೀ. ದಪ್ಪದ ಒಂದು ಚಪ್ಪಡಿ ತಂದೆ. ಅದರ ತೂಕ ಲೆಕ್ಕದಲ್ಲಿ ಸುಮಾರು 58 ಕೆ.ಜಿ. ಕೆಳಗೆ 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಕಬ್ಬಿಣದ ಆಂಗಲ್‌ನಿಂದ ಬೆಸುಗೆ ಹಾಕಿಸಿದ ಚೌಕಟ್ಟು, ಕಾಲುಗಳ ನಡುವೆ ಓರೆಯಾಗಿ ಎರಡು ಪಟ್ಟಿ, ಚಪ್ಪಡಿಗೂ ಚೌಕಟ್ಟಿಗೂ ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡುಗಳು.

ಮೊದಲ ಚಪ್ಪಡಿ ಒಡೆಯಿತು. ತಪ್ಪು ಪೂರ್ತಿ ನನ್ನದೇ. ಗೋಡೆಗೆ ರಂಧ್ರ ಹಾಕುವ ಡ್ರಿಲ್ಲನ್ನು ಕುಟ್ಟುವ ಸ್ಥಿತಿಯಲ್ಲೇ ಇಟ್ಟು, ಅಂಚಿನಿಂದ ಎರಡು ಇಂಚು ದೂರದಲ್ಲಿ ಕೊರೆಯಲು ಹೋದೆ. ಶಹಾಬಾದ್ ಕಲ್ಲು ಪದರಪದರವಾಗಿ ಕುಳಿತ ಸುಣ್ಣಕಲ್ಲು. ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಸುಡುವುದೂ ಸುಣ್ಣಕಲ್ಲನ್ನೇ. ಕುಟ್ಟಿದರೆ ಅದು ಪದರದ ಗುಂಟ ಬಿಡುತ್ತದೆ. ಎರಡನೆಯ ಚಪ್ಪಡಿಗೆ ಕುಟ್ಟುವ ಕ್ರಿಯೆಯನ್ನು ನಿಲ್ಲಿಸಿ, 12 ಮಿ.ಮೀ. ವಜ್ರದ ಕೊಳವೆ ಬಿಟ್ಟಿನಿಂದ, ನೀರು ಹನಿಸುತ್ತ, ಅಂಚಿನಿಂದ 100 ಮಿ.ಮೀ. ಒಳಗೆ ಕೊರೆದೆ. ಕೆಳಗಿನಿಂದ ಒಂದು 6 ಮಿ.ಮೀ. ಕಬ್ಬಿಣದ ತಟ್ಟೆ ಕೊಟ್ಟು ಬೋಲ್ಟು ಹಾಕಿದ್ದರಿಂದ ಬಿಗಿತದ ಒತ್ತಡ ಎರಡು ಬಿಂದುಗಳ ಮೇಲೆ ಬೀಳದೆ ಹರಡಿಕೊಂಡಿತು. ಒಡೆದ ಮೊದಲ ಚಪ್ಪಡಿಯ ಅರ್ಧ ಈಗ ತುಳಸಿಕಟ್ಟೆಯ ಮುಂದೆ ಹಾಸಾಗಿದೆ.

ಎತ್ತರದ ವಿಷಯದಲ್ಲಿ ನಾನು ಮೂರು ಸಲ ಮನಸ್ಸು ಬದಲಿಸಿದೆ. ಮರಗೆಲಸದ ಮೇಜು ಸೊಂಟದ ಎತ್ತರಕ್ಕಿದ್ದರೆ ಸರಿ, ಏಕೆಂದರೆ ರಂದಾ ತಳ್ಳಲು ಮೈಭಾರ ಬೇಕು. ಸಾಣೆಗೆ ಮೈಭಾರ ಬೇಡ, ಕಣ್ಣು ಬೇಕು. ನಿಂತಾಗ ನನ್ನ ಮೊಣಕೈ ನೆಲದಿಂದ 42 ಇಂಚು ಎತ್ತರದಲ್ಲಿ ಬರುತ್ತದೆ. ಚಕ್ರದ ನಡುಬಿಂದು ಅದೇ ಎತ್ತರಕ್ಕೆ ಬರುವಂತೆ ಕಾಲುಗಳನ್ನು ಕತ್ತರಿಸಿದ ಮೇಲೆ ಬೆನ್ನು ಬಾಗಿಸುವುದು ತಪ್ಪಿತು. ಮೇಜನ್ನು ಪೂರ್ವದ ಕಿಟಕಿಯ ಕೆಳಗೆ ಇಟ್ಟೆ, ಜೊತೆಗೆ ಬಗ್ಗಿಸಬಹುದಾದ ಕೊರಳಿನ ಒಂದು ಎಲ್‌ಇಡಿ ದೀಪವನ್ನು ಎಡಗಡೆಯಿಂದ ತಗ್ಗಾಗಿ ಬೀಳುವಂತೆ ಕೂರಿಸಿದೆ. ಮೊಂಡಾದ ಅಲಗಿನ ತುದಿಯಲ್ಲಿ ಬೆಳಕು ಬಿಳಿಯ ಗೆರೆಯಾಗಿ ಹೊಳೆಯುತ್ತದೆ, ಹರಿತವಾದ ಅಲಗಿನ ತುದಿ ಕಣ್ಣಿಗೇ ಕಾಣುವುದಿಲ್ಲ. ಈ ಪರೀಕ್ಷೆಗೆ ಓರೆ ಬೆಳಕೇ ಬೇಕು.

ಯಂತ್ರದ ಜೊತೆ ಬಂದ ಬೂದುಬಣ್ಣದ ಎರಡು ಚಕ್ರಗಳಲ್ಲಿ 36ರ ಒರಟು ಚಕ್ರವನ್ನು ಹಾಗೇ ಉಳಿಸಿಕೊಂಡೆ (ಈ ಅಂಕಿ ಹೆಚ್ಚಿದಷ್ಟೂ ಹರಳು ಸಣ್ಣ). ಕೊಡಲಿ, ಖುರ್ಪಿ, ಬೆಸುಗೆಯ ಗಂಟು ತೆಗೆಯುವುದು ಎಲ್ಲ ಅದರ ಪಾಲು. ಬಲಗಡೆಯ 60ರ ಚಕ್ರವನ್ನು ತೆಗೆದು ಬಿಳಿ ಅಲ್ಯೂಮಿನಿಯಂ ಆಕ್ಸೈಡಿನ 80ರ ಚಕ್ರವನ್ನು ಹಾಕಿದೆ. ಅದರ ಚೀಟಿಯ ಮೇಲಿದ್ದ ಕೆ ಅಕ್ಷರ ಚಕ್ರದ ಗಡಸುತನವನ್ನು ಹೇಳುತ್ತದೆ. ಅಕ್ಷರಮಾಲೆಯಲ್ಲಿ ಮುಂದೆ ಹೋದಷ್ಟೂ ಚಕ್ರ ಗಟ್ಟಿ. ಕೈ ಉಪಕರಣಗಳಿಗೆ ಮೆತ್ತನೆಯ ಚಕ್ರವೇ ಒಳ್ಳೆಯದು, ಏಕೆಂದರೆ ಮೊಂಡಾದ ಹರಳುಗಳು ಬೇಗ ಉದುರಿ ಹೊಸ ಹರಳುಗಳು ಮೇಲೆ ಬರುತ್ತವೆ. ಗಟ್ಟಿ ಚಕ್ರದಲ್ಲಿ ಮೊಂಡ ಹರಳುಗಳು ಅಲ್ಲೇ ಕುಳಿತು ಉಕ್ಕನ್ನು ಕೊರೆಯುವ ಬದಲು ಉಜ್ಜಿ ಕಾಯಿಸುತ್ತವೆ.

ಚಕ್ರ ಹಾಕುವ ಮುನ್ನ ಅದನ್ನು ಬೆರಳಿನಲ್ಲಿ ತೂಗುಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ನಾಲ್ಕು ಕಡೆ ಮೆಲ್ಲಗೆ ತಟ್ಟಬೇಕು. ಬಿರುಕಿಲ್ಲದ ಚಕ್ರ ಕಂಚಿನ ಬಟ್ಟಲಿನಂತೆ ನಾದ ಕೊಡುತ್ತದೆ, ಬಿರುಕಿದ್ದರೆ ಒಡಕು ಗಡಿಗೆಯ ಸದ್ದು ಬರುತ್ತದೆ. ಸಂತೆಯಲ್ಲಿ ಗಡಿಗೆ ಕೊಳ್ಳುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎರಡೂ ಪಕ್ಕಕ್ಕೆ ಅಂಟಿರುವ ಕಾಗದದ ಬಿಲ್ಲೆಯನ್ನು ಕೀಳಬಾರದು. ಲೋಹದ ಬಿಲ್ಲೆಯ ಒತ್ತಡವನ್ನು ಅದು ಸಮನಾಗಿ ಹಂಚುತ್ತದೆ. ನನ್ನ ಚಕ್ರದ ರಂಧ್ರ 31.75 ಮಿ.ಮೀ., ಯಂತ್ರದ ದಂಡ 12.7 ಮಿ.ಮೀ. ನಡುವೆ ಕೊಡಲು ಬಂದಿದ್ದ ಪ್ಲಾಸ್ಟಿಕ್ ಬುಷ್ ಸಡಿಲವಾಗಿದ್ದು, ಚಕ್ರ ತಿರುಗುವಾಗ ಕಣ್ಣಿಗೆ ಕಾಣುವಷ್ಟು ಓಲಾಡುತ್ತಿತ್ತು. ಕಪನೂರ ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಬುಷ್ ತಿರುಗಿಸಿಕೊಂಡು ಬಂದ ಮೇಲೆ ಓಲಾಟ ನಿಂತಿತು. ಉಳಿದ ಸಣ್ಣ ಏರುಪೇರನ್ನು ವಜ್ರದ ಡ್ರೆಸ್ಸರಿನಿಂದ ಚಕ್ರದ ಮುಖವನ್ನು ತೆಳುವಾಗಿ ಸವರಿ ತೆಗೆದೆ. ಹೊಸ ಚಕ್ರವನ್ನು ಮೊದಲ ಸಲ ಚಾಲೂ ಮಾಡಿದಾಗ ಅದರ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ಒಂದು ನಿಮಿಷ ಬರಿದೇ ಓಡಲು ಬಿಡಬೇಕು. ಒಡೆಯುವ ಚಕ್ರ ಹೆಚ್ಚಾಗಿ ಒಡೆಯುವುದು ಆ ಹೊತ್ತಿನಲ್ಲೇ.

ಆಸರೆ ತಟ್ಟೆಯೇ ಈ ಇಡೀ ಕೆಲಸದ ಜೀವ. ಯಂತ್ರದ ಜೊತೆ ಬಂದದ್ದು ತೆಳು ತಗಡಿನದು, ಹೆಬ್ಬೆರಳಿನಿಂದ ಒತ್ತಿದರೆ ಬಗ್ಗುತ್ತಿತ್ತು. ಅದನ್ನು ಬಿಚ್ಚಿ, 100 ಮಿ.ಮೀ. ಅಗಲ 75 ಮಿ.ಮೀ. ಆಳದ 6 ಮಿ.ಮೀ. ತಟ್ಟೆಯೊಂದನ್ನು ಒಂದೇ ಬೋಲ್ಟಿನ ಮೇಲೆ ಮೇಲೆ ಕೆಳಗೆ ಓರೆಯಾಗುವಂತೆ ಮಾಡಿ, ಯಂತ್ರಕ್ಕಲ್ಲದೆ ಕಲ್ಲಿಗೇ ಬಿಗಿದೆ. ತಟ್ಟೆಗೂ ಚಕ್ರಕ್ಕೂ ನಡುವಿನ ಸಂದು 3 ಮಿ.ಮೀ. ಮೀರಬಾರದು, ಮೇಲಿನ ಕಿಡಿ ತಡೆಯುವ ನಾಲಿಗೆಗೂ ಚಕ್ರಕ್ಕೂ 6 ಮಿ.ಮೀ. ಮೀರಬಾರದು. ಚಕ್ರ ಸವೆದಂತೆಲ್ಲ ಸಂದು ದೊಡ್ಡದಾಗುತ್ತದೆ, ಒಂದು ದಿನ ಸಣ್ಣ ಉಳಿಯೊಂದು ಅದರೊಳಗೆ ಸಿಕ್ಕಿಕೊಂಡರೆ ಚಕ್ರ ಸಿಡಿಯುತ್ತದೆ. ಹೀಗಾಗಿ ತಿಂಗಳಿಗೊಮ್ಮೆ ತಟ್ಟೆಯನ್ನು ಮುಂದಕ್ಕೆ ಸರಿಸುವುದನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿದ್ದೇನೆ.

ಕೋನ ಹಿಡಿಯಲು ಕೋನಮಾಪಕ ಬೇಕಿಲ್ಲ. ಉಳಿಯ ಓರೆ ಮುಖದ ಉದ್ದವನ್ನು ಅದರ ದಪ್ಪದ ಜೊತೆ ಹೋಲಿಸಿದರೆ ಸಾಕು: ಓರೆ ಮುಖ ದಪ್ಪದ ಎರಡು ಪಟ್ಟಿದ್ದರೆ 30 ಡಿಗ್ರಿ, ಹತ್ತಿರ ಹತ್ತಿರ 2.4 ಪಟ್ಟಿದ್ದರೆ 25 ಡಿಗ್ರಿ. ನನ್ನ ಉಳಿಗಳು 4 ಮಿ.ಮೀ. ದಪ್ಪದವು. ಚಕ್ರದಲ್ಲಿ ಓರೆ ಮುಖವನ್ನು ಒಂಬತ್ತೂವರೆ ಮಿ.ಮೀ. ಉದ್ದ ಮಾಡಿ, ಕೊನೆಯ ಅಲಗನ್ನು ಕಲ್ಲಿನ ಮೇಲೆ 30 ಡಿಗ್ರಿಗೆ ಹಿಡಿಯುತ್ತೇನೆ. ಒಮ್ಮೆ ತಟ್ಟೆಯ ಓರೆ ಸರಿಹೋದ ಮೇಲೆ ಅದೇ ಓರೆಗೆ ಬೇವಿನ ಮರದ ಒಂದು ಬೆಣೆ ಕತ್ತರಿಸಿ ಇಟ್ಟುಕೊಂಡೆ. ತಟ್ಟೆಯನ್ನು ಯಾವಾಗ ಕದಲಿಸಿದರೂ ಬೆಣೆ ಇಟ್ಟು ಮತ್ತೆ ಅಲ್ಲಿಗೇ ತರಬಹುದು.

ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ನಿಂತು ಸಾಣೆ ಹಿಡಿಯುವವನಿಗೆ ಉಕ್ಕಿನ ಹದದ ಬಗ್ಗೆ ಹೇಳಲೇಬೇಕು. ಕಾರ್ಬನ್ ಉಕ್ಕಿನ ಉಳಿಯ ಅಲಗು ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಜೋಳದ ದಂಟಿನ ತೆಳು ಹಳದಿ ಬಣ್ಣಕ್ಕೆ ತಿರುಗುತ್ತದೆ, 300ರ ಆಸುಪಾಸಿಗೆ ನೀಲಿಯಾಗುತ್ತದೆ. ನೀಲಿಯಾಯಿತೆಂದರೆ ಆ ಭಾಗದ ಹದ, ಅಂದರೆ ಗಡಸುತನ, ಇಳಿಯಿತು. ಎಷ್ಟು ಚೆನ್ನಾಗಿ ಮಸೆದರೂ ಅಲಗು ನಾಲ್ಕು ಪೆಟ್ಟಿಗೆ ಮಡಚಿಕೊಳ್ಳುತ್ತದೆ. ಅಲಗಿನ ತುದಿ ಕಾಗದದಷ್ಟು ತೆಳುವಾಗಿರುವುದರಿಂದ ಅದು ಈ ಬಿಸಿ ಮುಟ್ಟಲು ಎರಡು ಮೂರು ಸೆಕೆಂಡು ಸಾಕು. ನಮ್ಮ ತಂದೆಯವರ ಮುಕ್ಕಾಲು ಇಂಚಿನ ಉಳಿಯನ್ನು ನಾನು ಹೀಗೆ ಕೆಡಿಸಿ, ಆ ನೀಲಿಯನ್ನು ದಾಟಿ ಒಳ್ಳೆಯ ಉಕ್ಕು ಸಿಗುವವರೆಗೆ 6 ಮಿ.ಮೀ. ಉದ್ದವನ್ನು ಸವೆಸಬೇಕಾಯಿತು. ಈಗ ಕೈಗವಸು ಹಾಕದೆ, ತೋರುಬೆರಳನ್ನು ಅಲಗಿನ ಹತ್ತಿರವೇ ಇಟ್ಟು ಹಿಡಿಯುತ್ತೇನೆ. ಬೆರಳಿಗೆ ಬಿಸಿ ಎನಿಸಿದ ಕೂಡಲೇ ಪಕ್ಕದ ಮಣ್ಣಿನ ಗಡಿಗೆಯ ನೀರಿಗೆ ಅದ್ದುತ್ತೇನೆ. ಮನುಷ್ಯನ ಬೆರಳು 60 ಡಿಗ್ರಿಯನ್ನೇ ತಾಳದಾದ್ದರಿಂದ ಉಕ್ಕು 220ಕ್ಕೆ ಹೋಗುವ ಪ್ರಶ್ನೆಯೇ ಬರುವುದಿಲ್ಲ.

ಚಕ್ರದಿಂದ ಬಂದ ಓರೆ ಮುಖ ನಡುವೆ ಸ್ವಲ್ಪ ಒಳಗೆ ತಗ್ಗಾಗಿರುತ್ತದೆ. ಇದು ದೋಷವಲ್ಲ, ಅನುಕೂಲ: ಚಪ್ಪಟೆ ಕಲ್ಲಿನ ಮೇಲೆ ಇಟ್ಟಾಗ ಮುಂದಿನ ಅಂಚು, ಹಿಂದಿನ ಅಂಚು ಎರಡೇ ತಾಗುವುದರಿಂದ ಉಳಿ ಅಲುಗದೆ ತಾನಾಗಿಯೇ ಕೋನ ಹಿಡಿದು ನಿಲ್ಲುತ್ತದೆ. ಕಲ್ಲುಗಳ ಜಾಗವನ್ನು ಚಕ್ರದಿಂದ ದೂರ, ಚಪ್ಪಡಿಯ ಎಡತುದಿಯಲ್ಲಿ ಮಾಡಿದೆ. ಚಕ್ರದ ಒಂದೇ ಒಂದು ಒರಟು ಹರಳು ನಯವಾದ ಕಲ್ಲಿನ ಮೇಲೆ ಬಿದ್ದರೂ ಅಲಗಿನ ತುಂಬ ಗೀರು ಬೀಳುತ್ತದೆ, ಆದ್ದರಿಂದ ಕಲ್ಲುಗಳಿಗೆ ಮುಚ್ಚಳದ ಪೆಟ್ಟಿಗೆ. ಒರಟು ಕೆಲಸಕ್ಕೆ ಎರಡು ಮುಖದ ಕಾರ್ಬೋರಂಡಂ ಕಲ್ಲು, ಅದಕ್ಕೆ ಚಿಮಣಿ ಎಣ್ಣೆ ಬೆರೆಸಿದ ತೆಳು ಯಂತ್ರದೆಣ್ಣೆ. ನಯದ ಕೆಲಸಕ್ಕೆ 1000 ಮತ್ತು 6000ರ ನೀರುಕಲ್ಲು. ಏಪ್ರಿಲ್ ಮೇ ತಿಂಗಳಲ್ಲಿ ನೀರುಕಲ್ಲು ನೋಡನೋಡುತ್ತಲೇ ಒಣಗುತ್ತದೆ, ಹಾಗಾಗಿ ಆ ಎರಡು ತಿಂಗಳು ಬೆಳಿಗ್ಗೆ ಎಂಟರೊಳಗೆ ಮಸೆಯುವ ಕೆಲಸ ಮುಗಿಸಿಬಿಡುವುದು ರೂಢಿಯಾಗಿದೆ. ಕಲ್ಲುಗಳು ನಡುವೆ ತಗ್ಗು ಬಿದ್ದಾಗ 10 ಮಿ.ಮೀ. ಗಾಜಿನ ಮೇಲೆ 220ರ ಪಾಲಿಶ್ ಪೇಪರ್ ಹಾಸಿ, ಕಲ್ಲಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಗೆರೆಗಳೆಲ್ಲ ಅಳಿಸುವವರೆಗೆ ಉಜ್ಜಬೇಕು.

ನಮ್ಮ ಅಜ್ಜಿ ಕುಡುಗೋಲನ್ನು ಬಾಗಿಲ ಹೊರಗಿನ ಫರ್ಸಿಯ ಮೇಲೆ ಮಸೆಯುತ್ತಿದ್ದುದನ್ನು ನೆನೆದು, ಒಡೆದ ಚಪ್ಪಡಿಯ ತುಂಡನ್ನೇ ಮಸೆಗಲ್ಲು ಮಾಡಲು ನೋಡಿದೆ. ಉಕ್ಕು ಹೊಳೆಯಿತೇ ಹೊರತು ಹರಿತವಾಗಲಿಲ್ಲ, ಕಲ್ಲೇ ಸವೆದು ಬಿಳಿಯ ರಾಡಿಯಾಯಿತು. ಸುಣ್ಣಕಲ್ಲು ಗಟ್ಟಿಯಾದ ಉಕ್ಕಿಗಿಂತ ಬಹಳ ಮೆದು. ಆಮೇಲೆ ನೆನಪಾಯಿತು, ಅಜ್ಜಿ ಫರ್ಸಿಯ ಮೇಲೆ ಒಂದು ಹಿಡಿ ಮರಳು ಹಾಕಿ ನೀರು ಚಿಮುಕಿಸುತ್ತಿದ್ದಳು. ಕೊರೆಯುತ್ತಿದ್ದದ್ದು ಮರಳಿನ ಹರಳು, ಫರ್ಸಿ ಅದಕ್ಕೆ ಹಾಸಿಗೆ ಮಾತ್ರ.

ಈಗ ಪಾಲಿಶಿನ ಭಾಗ. ಇದನ್ನು ಎದುರು ಗೋಡೆಗೆ, ಪ್ರತ್ಯೇಕ ಕಬ್ಬಿಣದ ಕಾಲುಗಳ ಮೇಲೆ ಕಟ್ಟಿದೆ. ಗ್ರೈಂಡರಿನ ಒಂದು ಚಕ್ರವನ್ನು ಬಿಚ್ಚಿ ಅಲ್ಲಿಯೇ ಬಟ್ಟೆಯ ಬಫ್ (ಹೊಳಪು ಕೊಡುವ ಚಕ್ರ) ಹಾಕುವುದು ಅಗ್ಗದ ಉಪಾಯ ನಿಜ, ಆದರೆ ಆಗ ಸಾಣೆಯ ಹರಳು ಬಫ್ಫಿಗೆ ಸೇರಿ ಹೊಳಪಿನ ಬದಲು ಗೀರು ಕೊಡುತ್ತದೆ, ಕಿಡಿಯು ಹತ್ತಿಯ ನಾರಿಗೆ ಸೇರಿದರೆ ಏನಾಗುತ್ತದೆಂಬುದನ್ನು ಹೊಟ್ಟಿನ ರಾಶಿ ನನಗೆ ಆಗಲೇ ತೋರಿಸಿತ್ತು. ಮೋಟಾರು ರೀವೈಂಡಿಂಗ್ ಅಂಗಡಿಯಲ್ಲಿ ಸಿಕ್ಕ ಹಳೆಯ ಅರ್ಧ ಎಚ್‌ಪಿಯದು, ನಿಮಿಷಕ್ಕೆ 1440 ಸುತ್ತು. 20 ಮಿ.ಮೀ. ಶಾಫ್ಟನ್ನು ಅದನ್ನು ಹಿಡಿದು ತಿರುಗಲು ಬಿಡುವ ಎರಡು ಪಿ-204 ಪಿಲ್ಲೋ ಬ್ಲಾಕ್ ಬೇರಿಂಗುಗಳ ಮೇಲೆ ಕೂರಿಸಿ, ಮೋಟಾರಿಗೆ ನಾಲ್ಕಿಂಚಿನ ಪುಲ್ಲಿ, ಶಾಫ್ಟಿಗೆ ಮೂರಿಂಚಿನ ಪುಲ್ಲಿ ಹಾಕಿದಾಗ ಶಾಫ್ಟಿನ ವೇಗ 1920 ಸುತ್ತಾಯಿತು. ಎಂಟು ಇಂಚಿನ ಬಫ್ಫಿನ ಅಂಚು ಆಗ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಕಾರ್ಖಾನೆಗಳಲ್ಲಿ ಇದಕ್ಕಿಂತ ವೇಗವಾಗಿ ಓಡಿಸುತ್ತಾರೆ. ಒಬ್ಬನೇ ನಿಂತು ಕೆಲಸ ಮಾಡುವ ಮನೆಯ ಶೆಡ್ಡಿಗೆ ಇಷ್ಟು ಸಾಕು. ಬೆಲ್ಟಿನ ಉದ್ದ ಲೆಕ್ಕಕ್ಕೆ 1075 ಮಿ.ಮೀ. ಬಂದಿತ್ತು, ಸಿಕ್ಕಿದ್ದು ತುಸು ಉದ್ದನೆಯ ಎ-42 ಬೆಲ್ಟು. ಮೋಟಾರಿನ ಬುಡದ ತೂತುಗಳನ್ನು ಉದ್ದನೆಯ ಸೀಳಾಗಿ ಕೊರೆಸಿದ್ದರಿಂದ ಹಿಂದಕ್ಕೆ ಎಳೆದು ಬಿಗಿದೆ. ಬೆಲ್ಟಿನ ಮೇಲೆ ತಗಡಿನ ಕವಚ ಬಂದ ನಂತರವೇ ಕರೆಂಟು ಕೊಟ್ಟೆ.

ಇಲ್ಲೊಂದು ಎಡವಟ್ಟಾಯಿತು. ಶಾಫ್ಟಿನ ಎರಡೂ ತುದಿಗೆ ಥ್ರೆಡ್ ಹಾಕಲು ಕೊಡುವಾಗ ಎಡತುದಿಗೆ ಎಡಗೈ ಥ್ರೆಡ್ (ಉಲ್ಟಾ ತಿರುವಿನದು) ಬೇಕೆಂದು ಹೇಳುವುದನ್ನೇ ಮರೆತೆ. ಯಂತ್ರದ ಎದುರು ನಿಂತಾಗ ಚಕ್ರದ ಮೇಲ್ಭಾಗ ನಮ್ಮ ಕಡೆಗೆ ತಿರುಗುತ್ತದೆ; ಈ ತಿರುವಿನಲ್ಲಿ ಬಲತುದಿಯ ಸಾಮಾನ್ಯ ನಟ್ಟು ಬಿಗಿಯುತ್ತ ಹೋಗುತ್ತದೆ, ಎಡತುದಿಯದು ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಹಿತ್ತಾಳೆಯ ಲೋಟ ಒತ್ತಿ ಹಿಡಿದ ಎರಡನೇ ನಿಮಿಷಕ್ಕೆ ಎಡಗಡೆಯ ನಟ್ಟು ಕಳಚಿ ನೆಲದ ಮೇಲೆ ಬುಗುರಿಯಾಡಿತು, ಬಫ್ ಅದರ ಹಿಂದೆಯೇ ಉರುಳಿತು. ಪಕ್ಕದ ಓಣಿಯ ಬಡಗಿ ಹುಡುಗ ಬಾಗಿಲಲ್ಲಿ ನಿಂತು, “ಕಾಕಾ, ಬಫ್ ಓಡ್ಲತ್ತದ, ಹಿಡೀರಿ!” ಎಂದು ನಕ್ಕ. ಎಡತುದಿಯನ್ನು ಹೊಸದಾಗಿ ತಿರುಗಿಸುವಷ್ಟು ಉದ್ದ ಉಳಿದಿರಲಿಲ್ಲವಾದ್ದರಿಂದ ಸದ್ಯ ಬಲತುದಿಯನ್ನು ಮಾತ್ರ ಬಳಸುತ್ತಿದ್ದೇನೆ.

ಬಫ್ಫುಗಳು ಮೂರು. ಕತ್ತಾಳೆ ನಾರಿನ ಗಡಸು ಬಫ್ಫಿಗೆ ಕಪ್ಪು ಗಟ್ಟಿ (ಹೊಳಪಿಗಾಗಿ ಬಫ್ಫಿಗೆ ಸವರುವ ಮೇಣದ ತುಂಡು), ಸುತ್ತ ಹೊಲಿಗೆ ಹಾಕಿದ ಹತ್ತಿಯದಕ್ಕೆ ಕಂದು ಟ್ರಿಪೋಲಿ, ಹೊಲಿಗೆಯಿಲ್ಲದ ಮೆದು ಬಫ್ಫಿಗೆ ಹಸಿರು ಕ್ರೋಮಿಯಂ ಆಕ್ಸೈಡ್. ಒಂದಕ್ಕೆ ಬಳಸಿದ ಗಟ್ಟಿಯನ್ನು ಇನ್ನೊಂದಕ್ಕೆ ಮುಟ್ಟಿಸುವಂತಿಲ್ಲ, ಆದ್ದರಿಂದ ಪ್ರತಿಯೊಂದಕ್ಕೂ ಅದರದೇ ಗಟ್ಟಿಯ ಬಣ್ಣದ ದಾರ ಕಟ್ಟಿ ಬೇರೆ ಬೇರೆ ಚೀಲದಲ್ಲಿ ತೂಗುಹಾಕಿದ್ದೇನೆ. ವಸ್ತುವನ್ನು ಬಫ್ಫಿನ ನಡುಮಟ್ಟಕ್ಕಿಂತ ಕೆಳಗೆ, ಅದರ ಅಂಚು ಕೆಳಮುಖವಾಗಿರುವಂತೆ ಹಿಡಿಯಬೇಕು. ಅಂಚನ್ನು ಮೇಲ್ಮುಖವಾಗಿ ಹಿಡಿದರೆ ಬಟ್ಟೆ ಅದನ್ನು ಕಚ್ಚಿ ಕಸಿದು ಕಾಲಿನತ್ತ ಎಸೆಯುತ್ತದೆ. ಕುಡುಗೋಲು, ಕತ್ತರಿ, ಸರಪಳಿಗಳನ್ನು ಬಫ್ಫಿಗೆ ಒಡ್ಡುವುದೇ ಇಲ್ಲ. ಕೈಗವಸು, ಟವೆಲ್ಲು, ತೋಳುದ್ದದ ಅಂಗಿ ಈ ಗೋಡೆಯ ಹತ್ತಿರ ಬರುವಂತಿಲ್ಲ. ಕನ್ನಡಕ ಮತ್ತು ಮುಖಗವಸು ಮೊಳೆಗೆ ನೇತು ಹಾಕಿರುತ್ತವೆ.

ಬೀದರಿನಲ್ಲಿರುವ ಅಕ್ಕ ಹಳೆಯ ಬಿದರಿ ಹೂದಾನಿಯನ್ನು ತಂದು, “ಇದನ್ನೂ ಒಂದೀಟು ಹೊಳಸಿ ಕೊಡೋ ತಮ್ಮಾ” ಎಂದಳು. ಕೊಡಲಿಲ್ಲ. ಬಿದರಿಯ ಮೈ ಬಹುಪಾಲು ಸತು, ಸ್ವಲ್ಪ ತಾಮ್ರ. ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ದ್ರಾವಣ ಆ ಮಿಶ್ರಲೋಹವನ್ನು ಮಾತ್ರ ಕಪ್ಪು ಮಾಡಿ, ಅದರಲ್ಲಿ ಕೂರಿಸಿದ ಬೆಳ್ಳಿಯನ್ನು ಬಿಳಿಯಾಗಿಯೇ ಬಿಡುತ್ತದೆ. ಕುಶಲಕರ್ಮಿಗಳು ಬಫ್ ಹಿಡಿಯುವುದು ಕಪ್ಪು ಮಾಡುವ ಮೊದಲು. ಆ ಕಪ್ಪು ತೆಳುವಾದ ಮೇಲ್ಪದರ ಮಾತ್ರವಾದ್ದರಿಂದ ಮುಗಿದ ವಸ್ತುವಿಗೆ ನನ್ನ ಬಫ್ ತಾಗಿಸಿದ್ದರೆ ಕ್ಷಣದಲ್ಲಿ ಬೂದು ಲೋಹ ಕಾಣುತ್ತಿತ್ತು. ಮೆದು ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ ಕೊಟ್ಟೆ.

ಕರೆಂಟಿನ ವಿಷಯ ಚಿಕ್ಕದಾಗಿ ಹೇಳಿದರೂ ಮುಖ್ಯ. ನಮ್ಮ ಬಡಾವಣೆಯಲ್ಲಿ ಬೇಸಿಗೆಯ ಸಂಜೆ ಕೂಲರುಗಳೆಲ್ಲ ಒಟ್ಟಿಗೆ ಓಡುವಾಗ ನನ್ನ ಮೀಟರಿನಲ್ಲಿ 190 ವೋಲ್ಟ್ ಕಂಡದ್ದುಂಟು. ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, 230ರ ಬದಲು 190 ಬಂದರೆ ಅದು ಮೂರರಲ್ಲಿ ಎರಡು ಪಾಲಿನಷ್ಟೇ ಉಳಿಯುತ್ತದೆ. ಬೆಲ್ಟು ಎಳೆಯಬೇಕಾದ ಮೋಟಾರು ತಿರುಗದೆ ಗುಂಯ್‌ಗುಡುತ್ತ ನಿಲ್ಲುತ್ತದೆ. ಹಾಗೆ ಗುಂಯ್‌ಗುಟ್ಟಿದರೆ ಕೂಡಲೇ ಸ್ವಿಚ್ ತೆಗೆಯದಿದ್ದಲ್ಲಿ ವೈಂಡಿಂಗ್ ಸುಡುತ್ತದೆ. ಅದಕ್ಕಿಂತ ಅಪಾಯದ್ದು, ಕರೆಂಟು ಹೋದಾಗ ಸ್ವಿಚ್ ಆರಿಸದೆ ಹೊರಗೆ ಹೋಗಿ, ಅದು ಮರಳಿದಾಗ ಯಾರೂ ಇಲ್ಲದ ಶೆಡ್ಡಿನಲ್ಲಿ ಚಕ್ರ ತಾನಾಗಿ ತಿರುಗತೊಡಗುವುದು. ಇದಕ್ಕಾಗಿ ಎರಡೂ ಯಂತ್ರಗಳಿಗೆ, ಕರೆಂಟು ಹೋದ ಕೂಡಲೇ ತಾನೇ ಕಳಚಿಕೊಂಡು ಹಸಿರು ಗುಂಡಿ ಮತ್ತೆ ಒತ್ತುವವರೆಗೂ ಸುಮ್ಮನಿರುವ ಸ್ಟಾರ್ಟರ್ ಹಾಕಿಸಿದೆ. ಜೊತೆಗೆ 16 ಆಂಪಿಯರ್ ಸಾಕೆಟ್, 2.5 ಚದರ ಮಿ.ಮೀ. ತಾಮ್ರದ ತಂತಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಮತ್ತು ಚೌಕಟ್ಟುಗಳೆರಡಕ್ಕೂ ಅರ್ಥಿಂಗ್.

ಮೊದಲ ನಿಜವಾದ ಪರೀಕ್ಷೆ ಮಾಡಿದವನು ಅದೇ ಬಡಗಿ ಹುಡುಗ. ತನ್ನ ಒಂದಿಂಚಿನ ಉಳಿಯನ್ನು ತಂದ. ಅಂಚು ಎರಡು ಕಡೆ ಮುಕ್ಕಾಗಿತ್ತು. ಬಿಳಿ ಚಕ್ರದಲ್ಲಿ ಮುಕ್ಕು ಹೋಗುವವರೆಗೆ ಹಿಡಿದು ಹದಿನೈದು ಸಲವಾದರೂ ನೀರಿಗೆ ಅದ್ದಿದೆ, 1000ರ ಕಲ್ಲಿನಲ್ಲಿ ಹಿಂಬದಿಗೆ ಮಡಚಿದ ತೆಳು ಏಣು ಬೆರಳಿಗೆ ತಾಗುವವರೆಗೆ ಮಸೆದೆ, ಹಿಂಬದಿಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿಟ್ಟು ಆ ಏಣನ್ನು ತೆಗೆದೆ, 6000ರಲ್ಲಿ ಹತ್ತು ಎಳೆತ, ಕೊನೆಗೆ ಹಲಗೆಗೆ ಅಂಟಿಸಿದ ಹಳೆಯ ಬೆಲ್ಟಿನ ಚರ್ಮಕ್ಕೆ ಹಸಿರು ಗಟ್ಟಿ ಸವರಿ ಹಿಂದಕ್ಕೆ ಎಳೆದೆ. ಸಾಗವಾನಿಯ ತುಂಡೊಂದರ ಅಡ್ಡಮೊಗದ ಮೇಲೆ ಅವನು ಕೈಯಿಂದಲೇ ತಳ್ಳಿದಾಗ ಪುಡಿಯಾಗದೆ ಒಂದೇ ಸಿಪ್ಪೆಯಾಗಿ ಸುರುಳಿ ಬಂತು, ಕತ್ತರಿಸಿದ ಜಾಗ ಮೇಣ ಹಚ್ಚಿದಂತೆ ಮಿನುಗಿತು. ಅವನು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೇ ಉಳಿದ ಐದು ಉಳಿಗಳನ್ನೂ ರಂದಾದ ಎರಡು ಅಲಗುಗಳನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದು ಮೆಟ್ಟಿಲ ಮೇಲೆ ಕುಳಿತಿದ್ದ.

ಬಾಕಿ ಇರುವುದು ಬಫ್ಫಿನ ಹಿಂದಿನ ತಗಡಿನ ಗೂಡು. ಈಗ ಕಪ್ಪು ಮೇಣದ ಮಸಿ ನೇರ ಗೋಡೆಗೆ ಬಡಿಯುತ್ತಿದೆ. ಅರ್ಧ ಕತ್ತರಿಸಿದ ಎಣ್ಣೆ ಡಬ್ಬಿಯೊಂದನ್ನು ಅಳತೆಗೆ ತಂದಿಟ್ಟಿದ್ದೇನೆ. ಹೊಸ ಶಾಫ್ಟಿನ ನಕ್ಷೆಯನ್ನೂ ಬರೆದಿದ್ದೇನೆ, ಎಡತುದಿಯ ಮುಂದೆ “ಎಡಗೈ ಥ್ರೆಡ್” ಎಂದು ಕೆಂಪು ಶಾಯಿಯಲ್ಲಿ ಎರಡು ಸಲ.